ಕಾಂಪೌಂಡ್ ಗೋಡೆಗೆ ಮಣ್ಣು ಹೊರಿಸಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ‘ಭಾರಿ ಮಳೆಗೆ ಗೋಡೆ ಕುಸಿತ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಖಾಯಂ. ತಪ್ಪನ್ನೆಲ್ಲ ಮಳೆಯ ತಲೆಗೆ ಕಟ್ಟಿ ನಾವು ಸುಮ್ಮನಾಗುತ್ತೇವೆ. ಬೆಂಗಳೂರಿನ ಗಿರಿನಗರ, ರಾಜರಾಜೇಶ್ವರಿ ನಗರದಂಥ ಏರುತಗ್ಗಿನ ಬಡಾವಣೆಗಳಲ್ಲಿ ನಡೆಯುವುದೇ ಬೇರೆ. ಇಳಿಜಾರು ಸೈಟಿನ ತಗ್ಗಿನ ಬದಿಗೆ ಆರಿಂಚು ಬ್ಲಾಕಿನ ಕಾಂಪೌಂಡ್ ಎಬ್ಬಿಸಿ, ಕೈತೋಟಕ್ಕೆಂದು ಅದರ ಹಿಂದೆ ನಾಲ್ಕೈದು ಅಡಿ ಮಣ್ಣು ತುಂಬಿ ಮಟ್ಟ ಮಾಡುತ್ತಾರೆ. ಕಾಂಪೌಂಡ್ ಇರುವುದು ದನ, ನಾಯಿ, ಕಳ್ಳರನ್ನು ತಡೆಯಲು. ಮಣ್ಣು ತಡೆಯುವ ಗೋಡೆಯ ಲೆಕ್ಕವೇ ಬೇರೆ.

ಐದು ಅಡಿ ಎತ್ತರದ ಒಣ ಮಣ್ಣು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 650 ಕಿಲೋ ಬಲದಿಂದ ಒತ್ತುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ ಒತ್ತಡ 1,500 ಕಿಲೋ ಆಸುಪಾಸಿಗೆ ಏರುತ್ತದೆ. ಹೆಚ್ಚಿದ ಭಾರ ಪೂರ್ತಿ ನೀರಿನದು. ಮಣ್ಣಿನ ಎತ್ತರ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ಗೋಡೆಯನ್ನು ಮಗುಚುವ ಶಕ್ತಿ ಎಂಟರಷ್ಟು. ‘ಇನ್ನೊಂದೆರಡು ಅಡಿ ಏರಿಸಿಬಿಡಿ ಮೇಸ್ತ್ರಿ’ ಎಂದು ಮಾತಿನಲ್ಲಿ ಮುಗಿಸುವ ಕೆಲಸ ಇದಲ್ಲ. ನಾಲ್ಕು ಅಡಿಯವರೆಗೆ ಅನುಭವಿ ಮೇಸ್ತ್ರಿ ಸಾಕು, ಅದಕ್ಕಿಂತ ಮೇಲಾದರೆ ಎಂಜಿನಿಯರ್ ಕೈಯಲ್ಲಿ ನಕ್ಷೆ ಮಾಡಿಸಲೇಬೇಕು. ಗೋಡೆಯ ಮೇಲ್ಬದಿಯಲ್ಲಿ ಕಾರು ನಿಲ್ಲುವುದಿದ್ದರೆ ಎತ್ತರ ಎಷ್ಟೇ ಇರಲಿ, ನಕ್ಷೆ ಬೇಕು.

ನಾಲ್ಕು ಅಡಿ ಮಣ್ಣು ತಡೆಯುವ, ಮೂವತ್ತು ಅಡಿ ಉದ್ದದ ಸೈಜು ಕಲ್ಲಿನ ಗೋಡೆಯನ್ನೇ ತೆಗೆದುಕೊಳ್ಳಿ. ತುಂಬಿದ ಮಣ್ಣನ್ನೆಲ್ಲ ತೆಗೆದು, ಗಟ್ಟಿ ನೆಲ ಸಿಕ್ಕ ಮೇಲೆ ಒಂದೂವರೆ ಅಡಿ ಆಳ, ಮೂರು ಅಡಿ ಅಗಲಕ್ಕೆ ಪಾಯ ಅಗೆಯಬೇಕು. ನಮ್ಮಲ್ಲಿ ಅನೇಕ ಸೈಟುಗಳ ಮೇಲ್ಪದರದಲ್ಲಿರುವುದು ಒಡೆದ ಕಟ್ಟಡಗಳ ಕಸ, ಅದರ ಮೇಲೆ ಪಾಯ ಹಾಕಿದರೆ ಗೋಡೆ ಕೂತೇ ಕೂರುತ್ತದೆ. ಗೋಡೆ ಬುಡದಲ್ಲಿ ಎರಡೂಕಾಲು ಅಡಿ, ತಲೆಯಲ್ಲಿ ಒಂದೂಕಾಲು ಅಡಿ ದಪ್ಪ ಇರಲಿ. ಹೊರಮುಖ ಪ್ರತಿ ಅಡಿ ಎತ್ತರಕ್ಕೆ ಒಂದಿಂಚಿನಂತೆ ಮಣ್ಣಿನ ಕಡೆಗೆ ವಾಲಿರಲಿ. ಪಾಯವೂ ಸೇರಿ ಸುಮಾರು 345 ಘನ ಅಡಿ ಕಲ್ಲುಕಟ್ಟಡ ಆಗುತ್ತದೆ. ಎರಡು ಮುಖಕ್ಕೆ ಅಂದದ ಕಲ್ಲು ಜೋಡಿಸಿ, ನಡುವೆ ಚಕ್ಕೆ ಮತ್ತು ಗಾರೆ ಸುರಿದರೆ ಮುಖಗಳೆರಡೂ ಬೇರೆಬೇರೆಯಾಗಿ ಉಬ್ಬುತ್ತವೆ. ಎರಡಡಿ ಎತ್ತರಕ್ಕೊಮ್ಮೆ, ಐದೈದು ಅಡಿಗೆ ಒಂದರಂತೆ, ಗೋಡೆಯ ದಪ್ಪಕ್ಕೆ ಆರಪಾರ ಹೋಗುವ ಉದ್ದ ಕಲ್ಲು ಕೂರಿಸಬೇಕು. ಕಟ್ಟುವಾಗ ಪಕ್ಕದಲ್ಲೇ ನಿಂತು ನೋಡದಿದ್ದರೆ ಇದು ಆಗುವುದಿಲ್ಲ, ಆಮೇಲೆ ಹೊರಗಿನಿಂದ ಗೊತ್ತೂ ಆಗುವುದಿಲ್ಲ.

ಇನ್ನು ನೀರು. ಗಾರೆಯಿಲ್ಲದೆ ಪೇರಿಸಿದ ಹಳೆಯ ಕಲ್ಲುಗೋಡೆಯ ಸಂದುಗಳಲ್ಲಿ ನೀರು ತಾನೇ ಹರಿದುಹೋಗುತ್ತಿತ್ತು. ಸಿಮೆಂಟ್ ಬಳಿದು ಆ ದಾರಿ ಮುಚ್ಚಿದ ಮೇಲೆ ಬೇರೆ ದಾರಿ ಕೊಡುವುದು ನಮ್ಮ ಕೆಲಸ. ನೆಲದಿಂದ ಅರ್ಧ ಅಡಿ ಮೇಲೆ, ಐದೈದು ಅಡಿಗೆ ಒಂದರಂತೆ ಮೂರಿಂಚಿನ ಪಿವಿಸಿ ಪೈಪು ಹೊರಕ್ಕೆ ಇಳಿಜಾರಾಗಿ ಕೂರಿಸಿ. ಮೂವತ್ತು ಅಡಿಗೆ ಆರು ತುಂಡು, ಅಂದರೆ ಇಪ್ಪತ್ತು ಅಡಿಯ ಒಂದೇ ಪೈಪು ಸಾಕು. ಒಳಬಾಯಿಗೆ ಜಾಲರಿ ಕಟ್ಟಿ. ಗೋಡೆಯ ಬೆನ್ನಿಗೆ ಒಂದಡಿ ದಪ್ಪಕ್ಕೆ 20 ಮಿ.ಮೀ. ಜಲ್ಲಿ ತುಂಬಿ, ಮೇಲಿನ ಒಂದಡಿ ಮಾತ್ರ ತೋಟದ ಮಣ್ಣಿಗೆ ಬಿಡಿ. ಒಟ್ಟು 90 ಘನ ಅಡಿ ಜಲ್ಲಿ ಬೇಕು. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣು ಸಂದಿಗೆ ಇಳಿದು, ಕೆಲವು ಮಳೆಗಾಲದಲ್ಲೇ ಜಲ್ಲಿ ಕಟ್ಟಿಕೊಳ್ಳುತ್ತದೆ. ಬಟ್ಟೆ ದುಬಾರಿಯೆಂದು ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸುವವರಿದ್ದಾರೆ. ಫ್ಲೆಕ್ಸ್ ನೀರನ್ನೇ ಬಿಡುವುದಿಲ್ಲ, ಹಾಕದಿರುವುದೇ ಮೇಲು.

ನೀರು ಪಕ್ಕದವರ ಅಂಗಳಕ್ಕೆ ಬೀಳುತ್ತದೆಂದು ಜಗಳವಾಗುವುದು, ರಾತ್ರೋರಾತ್ರಿ ಯಾರೋ ಪೈಪಿಗೆ ಸಿಮೆಂಟ್ ಮೆತ್ತುವುದು ಈ ಊರಿನಲ್ಲಿ ಹೊಸದಲ್ಲ. ಅಂಥ ಕಡೆ ಜಲ್ಲಿಯ ಬುಡದಲ್ಲೇ ನಾಲ್ಕಿಂಚಿನ ತೂತು ಪೈಪನ್ನು ನೂರು ಅಡಿಗೆ ಒಂದಡಿ ಇಳಿಜಾರಿನಲ್ಲಿ ಗೋಡೆಯುದ್ದಕ್ಕೂ ಮಲಗಿಸಿ ರಸ್ತೆ ಬದಿಯ ಮಳೆನೀರು ಚರಂಡಿಗೆ ಸೇರಿಸಬಹುದು. ಒಳಚರಂಡಿಗೆ ಮಾತ್ರ ಬೇಡ.

ಗಾರೆ ಹಾಕಿದ ಗೋಡೆಯನ್ನು ಏಳು ದಿನವಾದರೂ ನೀರುಣಿಸದೆ ಹಿಂದೆ ಮಣ್ಣು ತುಂಬಬಾರದು. ತುಂಬುವಾಗಲೂ ಅರ್ಧರ್ಧ ಅಡಿಗೆ ಕೈಯಿಂದಲೇ ದಮ್ಮಸು ಮಾಡಬೇಕು. ಗೋಡೆಯ ಪಕ್ಕಕ್ಕೆ ಜೆಸಿಬಿ ತಂದರೆ ಹಸಿ ಗೋಡೆ ಅಲ್ಲೇ ಬಿರಿಯುತ್ತದೆ.

ಮಳೆನೀರು ಕೊಯ್ಲು ಈ ನಗರದಲ್ಲಿ 2009ರಲ್ಲಿ ಕಡ್ಡಾಯವಾಯಿತು, ಒಳ್ಳೆಯದೇ. ಆದರೆ ಚಾವಣಿಯ ನೀರನ್ನೆಲ್ಲ ತಂದು ಇಂಗುಗುಂಡಿಯನ್ನು ತಡೆಗೋಡೆಯ ಬೆನ್ನಿಗೇ ತೋಡಿಸುವುದು ಗೋಡೆಗೆ ನಾವೇ ಕೊಡುವ ಏಟು. ಗೋಡೆಯ ಎತ್ತರದ ಎರಡರಷ್ಟಾದರೂ ದೂರ ಬಿಡಿ, ಸಾಧ್ಯವಿದ್ದರೆ ಗೋಡೆಯ ತಗ್ಗಿನ ಬದಿಗೇ ತೋಡಿ. ಗೋಡೆಯಂಚಿಗೆ ಅರಳಿ, ಅತ್ತಿ, ಬಿದಿರು ಬೇಡ. ಲಾವಂಚದ ಬೇರು ನೆಟ್ಟಗೆ ಕೆಳಗಿಳಿಯುವುದರಿಂದ ಅದನ್ನು ಧೈರ್ಯವಾಗಿ ಹಾಕಬಹುದು.

ಮನೆ ನಕ್ಷೆಗೆ ಒಪ್ಪಿಗೆ ಕೊಡುವ ಪಾಲಿಕೆ, ಇಳಿಜಾರು ಸೈಟಾದರೆ ತಡೆಗೋಡೆಯ ಅಡ್ಡಕೊಯ್ತದ ಚಿತ್ರವನ್ನೂ ನೀರು ಹೋಗುವ ದಾರಿಯನ್ನೂ ತೋರಿಸುವಂತೆ ಕೇಳಲಿ. ಒಂದು ಹಾಳೆಯ ಕೆಲಸ.

ಈಗಾಗಲೇ ಗೋಡೆ ಇರುವವರು ಜೋರು ಮಳೆಯಾದ ಮರುದಿನ ದೂರದಲ್ಲೇ ನಿಂತು ನೋಡಲಿ. ಕಿಂಡಿಗಳಿಂದ ತೊಟ್ಟೂ ನೀರು ಬರದಿದ್ದರೆ ಅದು ಹಿಂದೆ ನಿಂತಿದೆ. ಕೆಂಪು ನೀರು ಬರುತ್ತಿದ್ದರೆ ಮಣ್ಣು ಕೊಚ್ಚಿಹೋಗುತ್ತಿದೆ. ಬುಡದ ಮೂರನೇ ಒಂದು ಭಾಗದಲ್ಲಿ ಉಬ್ಬು, ಅಡ್ಡ ಬಿರುಕು, ಅಥವಾ ಗೋಡೆಯ ತಲೆಗೂ ಮಣ್ಣಿಗೂ ನಡುವೆ ಹೊಸ ಸೀಳು ಕಂಡರೆ ತೇಪೆ ಹಾಕಿ ಪ್ರಯೋಜನವಿಲ್ಲ. ಮಳೆ ಬಿಟ್ಟ ಮೇಲೆ ಮೇಲಿನ ಕಡೆಯಿಂದ ಮಣ್ಣು ಇಳಿಸಿ ಭಾರ ಕಡಿಮೆ ಮಾಡಿ, ಎಂಜಿನಿಯರನ್ನು ಕರೆಸಿ. ಅಲ್ಲಿಯವರೆಗೆ ಗೋಡೆಯ ಕೆಳಗೆ ಬೈಕು ನಿಲ್ಲಿಸುವುದಾಗಲಿ, ಕೂಲಿಯವರಿಗೆ ಶೆಡ್ ಹಾಕಿಕೊಡುವುದಾಗಲಿ ಬೇಡ.

– ಒಬ್ಬ ಸಿವಿಲ್ ಎಂಜಿನಿಯರ್, ಬೆಂಗಳೂರು