ನೌಕರಿ ಹೋಗಿಲ್ಲ, ಅಡವಿ ಸೇರಿಲ್ಲ

ಬೋಜ್ಮನ್, ಮೊಂಟಾನಾ
ಶನಿವಾರ ರಾತ್ರಿ

ತೀರ್ಥರೂಪ ಅಪ್ಪಾರಿಗೆ, ಅವ್ವಗ ಸಾಷ್ಟಾಂಗ ನಮಸ್ಕಾರ.

ಇಲ್ಲಿ ನಾವು ನಾಲ್ಕೂ ಮಂದಿ ಆರಾಮ ಅದೀವಿ, ನೀವೂ ಆರಾಮ ಅದೀರಿ ಅಂತ ತಿಳಕೊಂಡೇನಿ. ಅಪ್ಪಾ, ನೀವು ಬರದು ಬಸಣ್ಣ ಕಾಕಾನ ಫೋನಿನಿಂದ ಫೋಟೋ ಹೊಡದು ಕಳಿಸಿದ ಪತ್ರ ಮುಟ್ಟೇತಿ. ಎರಡನೇ ಹಾಳಿ ಅರ್ಧಾ ಕತ್ತಲಾಗಿ ಬಂದಿತ್ತು, ಶೋಭಾ ದೊಡ್ಡದು ಮಾಡಿ ಮಾಡಿ ಓದಿ ಹೇಳಿದ್ಳು. ಫೋನ್ ಹಚ್ಚಬಹುದಿತ್ತು. ಆದ್ರ ನೀವು ಸ್ಪೀಕರ್ ಮ್ಯಾಲೆ ಇಟ್ಟು ಮಾತಾಡ್ತೀರಿ, ತಂಗಿ ಗೀತಾ ಅಲ್ಲೇ ಕುಂತಿರ್ತಾಳ, ಕಟ್ಟಿ ಮ್ಯಾಲೆ ಅರ್ಧಾ ಓಣಿ ಕುಂತಿರತೈತಿ. ಅದಕ್ಕ ಬರಿಯಾಕತ್ತೇನಿ.

ಮೊದಲನೇ ಮಾತು, ನನ್ನ ನೌಕರಿ ಹೋಗಿಲ್ಲ. ಎರಡನೇ ಮಾತೂ ಅದ. ಗೀತಾನ ಲಗ್ನದ ಮಾತು ನಡದ ಗದಗಿನವರಿಗೆ ಯಾರು ಕಿವಿ ಊದಿದ್ರೋ ಗೊತ್ತಿಲ್ಲ. ‘ಹುಡುಗಿ ಅಣ್ಣ ಅಮೆರಿಕಾದಾಗ ಕೆಲಸ ಕಳಕೊಂಡು, ಹೆಂಡ್ತಿ ಮಕ್ಕಳನ್ನ ಕಟಗೊಂಡು ಗುಡ್ಡ ಸೇರ್ಯಾನ, ಬ್ಯಾಟಿ ಆಡಿ ಹೊಟ್ಟಿ ಹೊರಕೊಳ್ಳಾಕತ್ತಾನ’ ಅಂತ ಯಾರರೆ ಹೇಳಿದ್ರ ಇವರು ನಂಬಿಬಿಡೂದಾ? ಒಂದ ಮಾತು ನನ್ನ ಕೇಳಬಾರದಾ? ಅವರ ಹುಡುಗ ಹುಬ್ಬಳ್ಳ್ಯಾಗ ಇಂಜಿನಿಯರ್ ಅದಾನ, ಫೋನಿನಾಗ ಎರಡು ನಿಮಿಷ ಹುಡುಕಿದ್ರ ನಾ ಎಲ್ಲಿ ಕೆಲಸಾ ಮಾಡ್ತೇನಿ ಅಂತ ಸಿಗತೈತಿ. ನನ್ನ ಆ ಬ್ಯಾಟಿ ಫೋಟೋ ನಾ ನಮ್ಮ ಮನಿ ಗ್ರೂಪಿಗೆ ಅಷ್ಟ ಹಾಕಿದ್ದೆ. ಅದನ್ನ ಸ್ಟೇಟಸ್‌ಗೆ ಇಟ್ಟವ ಮಾವ. ಅಭಿಮಾನದಿಂದ ಇಟ್ಟಾನ, ಬೈಯಬ್ಯಾಡ್ರಿ, ಆದ್ರ ತಗಸ್ರಿ.

ಈಗ ಕೆಲಸದ್ದು ಹೇಳ್ತೇನಿ, ಇದನ್ನ ಗದಗಿನವರಿಗೆ ಓದಿ ಹೇಳಾಕ ಅಡ್ಡಿ ಇಲ್ಲ. ಮೊದಲ ಇದ್ದ ಸೇಂಟ್ ಲೂಯಿಸ್ ಊರಾಗ ನಮ್ಮ ವಿಭಾಗ ಸಣ್ಣದು ಮಾಡವರಿದ್ರು. ಅವರು ಮಾಡೂ ಮೊದಲ ನಾನ ಬ್ಯಾರೆ ನೌಕರಿ ಹುಡಕೊಂಡು ಬಂದೆ. ಬಿಟ್ಟಾಂವ ಬ್ಯಾರೆ, ಬಿಡಿಸಿಕೊಂಡಾಂವ ಬ್ಯಾರೆ. ಇಲ್ಲಿ ಬೀಜ ತಪಾಸ ಮಾಡೂ ಲ್ಯಾಬಿನಾಗ ಅದೇನಿ. ಧಾರವಾಡ ಕೃಷಿ ಕಾಲೇಜಿನಾಗ ನಾ ಏನ ಕಲಿತಿದ್ದೆ, ಅದ ಕೆಲಸ. ಗೋದಿ, ಬಾರ್ಲಿ, ವಟಾಣಿ ಎಲ್ಲಾ ಬರ್ತಾವ. ಅಪ್ಪಾ, ನಿಮಗ ನಗು ಬರಬಹುದು: ನಮ್ಮ ಚನ್ನಂಗಿ ಬ್ಯಾಳಿ ಈ ದೇಶದಾಗ ಎಲ್ಲಾಕಿಂತ ಹೆಚ್ಚು ಬೆಳೆಯೂದು ಇದ ರಾಜ್ಯದಾಗ. ಬೆಳದವರು ತಿನ್ನೂದು ಮಾತ್ರ ಕಡಿಮಿ. ಶೋಭಾ ಬ್ಯಾಳಿ ಸಾರು ಮಾಡಿ ಬಾಜೂ ಮನಿಯವರಿಗೆ ಕೊಟ್ರ, ‘ಇದು ನಮ್ಮ ಹೊಲದಾಗ ಬೆಳಿಯೂದಾ?’ ಅಂತ ಬಟ್ಟಲಾ ನೋಡಿಕೋತ ನಿಂತ್ರು.

ಬಟಾಟಿ ಬೀಜಾನೂ ಇಲ್ಲಿ ದೊಡ್ಡ ದಂಧೆ. ಹಾಸನದವರು ಜಲಂಧರದಿಂದ ಬೀಜದ ಬಟಾಟಿ ತರಸ್ತಾರಲ್ಲ, ಹಂಗ ಐಡಾಹೊ, ವಾಷಿಂಗ್ಟನ್ ರಾಜ್ಯದವರು ಇಲ್ಲಿಂದ ಒಯ್ತಾರ. ಗುಡ್ಡದ ಥಂಡಿಗೆ ಗಿಡಹೇನು ಕಡಿಮಿ, ಹೇನು ಕಡಿಮಿ ಆದ್ರ ವೈರಸ್ ರೋಗಾನೂ ಕಡಿಮಿ. ಎಲಿ ತಂದು ವೈರಸ್ ಐತೋ ಇಲ್ಲೋ ನೋಡೂದು ನನ್ನ ಟೇಬಲ್ಲಿನ ಕೆಲಸ. ಅಂದ್ರ ದಿನಾ ಎಂಟು ತಾಸು ಲ್ಯಾಬಿನಾಗ ಬಿಳಿ ಕೋಟು ಹಾಕ್ಕೊಂಡು ಕುಂತಿರ್ತೇನಿ, ಮರದ ಮ್ಯಾಲೆ ಅಲ್ಲ. ಕಂಪನಿ ಲೆಟರ್‌ಹೆಡ್ ಮ್ಯಾಲೆ ನೌಕರಿ ಪತ್ರ ತಗೊಂಡು ಸೋಮವಾರ ಕಳಸ್ತೇನಿ. ಪಗಾರದ ಚೀಟಿ ಬೇಕಂದ್ರ ಅದನ್ನೂ. ಬಿಳಿ ಕೋಟಿನ ಫೋಟೋನೂ ಕಳಸ್ತೇನಿ, ಮಾವಗ ಸ್ಟೇಟಸ್‌ಗೆ ಇಡೂದ ಇದ್ರ ಅದನ್ನ ಇಡಾಕ ಹೇಳ್ರಿ.

ಪಗಾರ ಸೇಂಟ್ ಲೂಯಿಸ್‌ಕಿಂತ ಸ್ವಲ್ಪ ಕಡಿಮಿ, ಭಾಳ ಅಲ್ಲ. ಈ ರಾಜ್ಯದಾಗ ಸೇಲ್ಸ್ ಟ್ಯಾಕ್ಸ್ ಅನ್ನೂದ ಇಲ್ಲ, ಅಂಗಡ್ಯಾಗ ಚೀಟಿ ಮ್ಯಾಲೆ ಬರದಷ್ಟ ಕೊಟ್ಟು ಬರೂದು. ಮನಿ ಬಾಡಗಿ ತುಟ್ಟಿ. ಅದಿರಲಿ.

ಗದಗಿನ ಹಿರ್‍ಯಾರಿಗೆ ನೌಕರಿ ಮಾತಿಗಿಂತ ಬ್ಯಾಟಿ ಮಾತ ಹೆಚ್ಚು ಚುಚ್ಚೇತಿ ಅಂತ ನೀವು ಬರದೀರಿ. ಇರಬಹುದು. ತುಳಸಿ ಮಾಲಿ ಹಾಕಿದ ಮಂದಿ, ಪಂಢರಪುರಕ್ಕ ದಿಂಡಿ ಜೋಡಿ ನಡಕೊಂಡ ಹೋಗೂ ಮಂದಿ. ಅವರು ಖಂಡ ಮುಟ್ಟಂಗಿಲ್ಲ, ನಾವು ಜಾತ್ರಿ ದಿನಾ ಮುಟ್ಟತೀವಿ, ಇದು ಎರಡೂ ಕಡೆಯವರಿಗೆ ಗೊತ್ತಿದ್ದ ಮಾತು ಕಥಿ ಆಗೇತಿ. ಗೀತಾ ಲಗ್ನಾ ಆದ ಮ್ಯಾಲೆ ಅವರ ಮನಿ ನಡತಿ ಹಿಡೀತೀನಿ ಅಂದಾಳ. ಹುಡುಗ ‘ನಿನ್ನ ಊಟ ನಿನ್ನ ಖುಷಿ’ ಅಂದಾನ. ಇವರಿಬ್ಬರೂ ಒಪ್ಪಿದ ಮ್ಯಾಲೆ ಹದಿಮೂರು ಸಾವಿರ ಕಿಲೋಮೀಟರ್ ಆಚೆ ಅಕಿ ಅಣ್ಣ ಏನ ಹೊಡದಾ, ಏನ ತಿಂದಾ ಅಂತ ಕೇಳೂದ ಯಾಕ? ನಿಶ್ಚಯದ ಅಕ್ಕಿಕಾಳಿನ ಜೋಡಿ ನನ್ನ ಫ್ರಿಜ್ಜೂ ತೂಗ್ತಾರೇನ?

ಸಿಟ್ಟಿಲೆ ಬರದೆ. ಈ ಸಾಲು ತೋರಸಬ್ಯಾಡ್ರಿ. ಹಾಳಿ ಬ್ಯಾರೆ ಬ್ಯಾರೆ ಫೋಟೋ ಹೊಡದು ಕಳಸ್ತೇನಿ, ಕೆಲಸದ ಹಾಳಿ ಅಷ್ಟ ತೋರಸ್ರಿ.

ಆದ್ರ ನಿಮಗರೆ ಗೊತ್ತಿರಲಿ ಅಂತ ಬ್ಯಾಟಿ ಸಂಗತಿ ಹೇಳ್ತೇನಿ. ಇಲ್ಲಿ ಬ್ಯಾಟಿ ಅಂದ್ರ ಕಳವು ಅಲ್ಲ. ನಮ್ಮ ದೇಶದಾಗ 1972ರ ಕಾನೂನು ಬಂದಮ್ಯಾಲೆ ಚಿಗರಿ ಮುಟ್ಟಿದ್ರ ಜೇಲು, ಅದು ಸರಿ. ಇಲ್ಲಿ ಸರಕಾರದವರ ಪ್ರಾಣಿ ಎಣಿಸಿ, ಯಾವ ಭಾಗದಾಗ ಯಾವ ಪ್ರಾಣಿ ಎಷ್ಟು ಹೊಡೀಬಹುದು ಅಂತ ಚೀಟಿ ಕೊಡ್ತಾರ. 1985ರ ಜನವರಿ 1ರ ನಂತರ ಹುಟ್ಟಿದವರು ಮೊದಲ ಬ್ಯಾಟಿ ಕ್ಲಾಸಿಗೆ ಹೋಗಿ ಪರೀಕ್ಷಾ ಪಾಸಾಗಬೇಕು. ನಾ ಒಂದ ವರ್ಷದಾಗ ಸಿಕ್ಕೊಂಡೆ! ಹನ್ನೆರಡು ವರ್ಷದ ಹುಡುಗರ ನಡುವ ಬೆಂಚಿನ ಮ್ಯಾಲೆ ಕುಂತು ಪರೀಕ್ಷಾ ಬರದೇನಿ. ಬಾಜೂ ಕುಂತ ಹುಡುಗಿ ನನಗಿಂತ ಮೊದಲ ಬರದು ಎದ್ದು ಹೋದ್ಳು. ಆಮ್ಯಾಲೆ ಈ ರಾಜ್ಯದಾಗ 180 ದಿನಾ ಇದ್ದವರಿಗೆ ಅಷ್ಟ ಇಲ್ಲಿಯವರ ದರ, ಹೊರಗಿನವರು ಭಾಳ ಹೆಚ್ಚು ಕೊಡಬೇಕು. ನಾವು ಯುಗಾದಿ ಮುಂದ ಬಂದದ್ದು ಛಲೋ ಆತು.

ಮೈಮ್ಯಾಲೆ ಕೇಸರಿ ಬಣ್ಣದ ಜಾಕೀಟ ಇರಾಕಬೇಕು, ಟೊಂಕದ ಮ್ಯಾಲೆ 400 ಚದರ ಇಂಚು ಕಾಣಬೇಕಂತ ಕಾನೂನದಾಗ ಬರದೈತಿ. ಅದಕ್ಕ ಆ ಫೋಟೋದಾಗ ನಾ ಹಂಗ ಕಾಣ್ತೇನಿ. ಸೂರ್ಯ ಹುಟ್ಟೂದಕ್ಕ ಅರ್ಧಾ ತಾಸು ಮೊದಲಿಂದ, ಮುಳುಗಿದ ಮ್ಯಾಲೆ ಅರ್ಧಾ ತಾಸಿನ ತನಕ ಅಷ್ಟ ಗುಂಡು ಹಾರಿಸಬೇಕು. ಖಂಡ ಮಾರೂಹಂಗಿಲ್ಲ. ಹೊಡದು ಖಂಡ ಬಿಟ್ಟು ಬಂದ್ರ ಅದೂ ಗುನ್ನೆ. ಬಂದೂಕಿಗೂ ಗುಂಡಿಗೂ ಕಟ್ಟೂ ತೆರಿಗಿ 1937ರಿಂದ ಕಾಡು ಪ್ರಾಣಿ ಕೆಲಸಕ್ಕ ಹೋಗತೈತಿ. ಅಪ್ಪಾ, ನಿಮಗ ಇದು ಸೇರತೈತಿ: ರೈತ ತನ್ನ ಜಮೀನಿನಾಗ ಬ್ಯಾಟಿಯವರನ್ನ ಬಿಟ್ಟುಕೊಂಡ್ರ ಸರಕಾರ ಅವಗ ರೊಕ್ಕಾ ಕೊಡತೈತಿ. ಬದುವಿನ ಮ್ಯಾಲೆ ಒಂದು ಪೆಟಗಿ ಇಟ್ಟಿರ್ತಾರ, ಹೆಸರು ಬರದು ಒಳಗ ಹೋಗೂದು. ನೀವು ರಾಣೆಬೆನ್ನೂರು ಕಡೆ ಹೊಲದಾಗ ಗೋವಿನಜೋಳಾ ಕಾಯಾಕ ಡಬ್ಬಿ ಬಡಕೋತ ರಾತ್ರಿ ಕಳಿದದ್ದು ನೆನಪಾತು. 1974ರಾಗ ಅಭಯಾರಣ್ಯ ಆತು, ಚಿಗರಿ ಉಳದ್ವು, ಭಾಳ ಛಲೋ ಆತು. ಆದ್ರ ಅವು ಮೇದದ್ದು ಯಾರ ಪಾಲಿಂದ ಅಂತ ಕೇಳವರು ಕಡಿಮಿ.

ಇನ್ನ ಈ ಹಾಳಿ ಅವ್ವಗೂ ಪೂರ್ತಿ ಓದಿ ಹೇಳಬ್ಯಾಡ್ರಿ. ಹೋದ ತಿಂಗಳ ಕೊನೀಗೆ ಇಲ್ಲಿಯ ಗೆಳೆಯ ಡೇವ್ ಜೋಡಿ ಬ್ರಿಡ್ಜರ್ ಗುಡ್ಡದ ಆಚೆ ಹೋಗಿದ್ದೆ. ನಸಕಿನ್ಯಾಗ ಗಾಡಿ ನಿಲ್ಲಿಸಿ ಟಾರ್ಚ್ ಹಿಡಕೊಂಡು ಏರೂದು. ನಮ್ಮೂರ ಅದ 4,800 ಅಡಿ ಮ್ಯಾಲೈತಿ, ಗುಡ್ಡದ ತುದಿ 9,600 ದಾಟತೈತಿ. ಕಾಲಿನಾಗ ಸತುವ ಇದ್ರೂ ಉಸರು ಸಾಲಂಗಿಲ್ಲ. ಬೆಳಕು ಹರದ ಮ್ಯಾಲೆ ಡೇವ್ ಕೈ ಹಿಡದು ಕೂಡ್ರಿಸಿದ. ಬೋಳು ಇಳಿಜಾರಿನ್ಯಾಗ ಮ್ಯೂಲ್ ಡಿಯರ್ ಅನ್ನೂ ಜಿಂಕಿ ಮೇಯಾಕತ್ತಿದ್ವು. ಉದ್ದ ಕಿವಿ, ನಮ್ಮ ಚಿಗರಿಗಿಂತ ಗಟ್ಟಿ ಮೈ. ಗಾಳಿ ನಮ್ಮ ಮುಖಕ್ಕ ಬಡಿಯಾಕತ್ತಿತ್ತು, ಅಂದ್ರ ನಮ್ಮ ವಾಸನಿ ಅವಕ್ಕ ಹೋಗಂಗಿಲ್ಲ. ನನ್ನ ಎದಿ ಬಡಿತಕ್ಕ ಬಂದೂಕಿನ ದುರ್ಬೀನು ಕುಣಿಯಾಕತ್ತಿತ್ತು. ‘ಅವಸರ ಇಲ್ಲ’ ಅಂದ ಡೇವ್. ಉಸರು ಬಿಟ್ಟು, ಅರ್ಧಾ ಹಿಡದು, ಒತ್ತಿದೆ. ಎರಡು ಜಿಗಿತ ಹಾರಿ ಬಿತ್ತು. ಹತ್ರ ಹೋಗಿ ಕೊಂಬು ಮುಟ್ಟಿದಾಗ ಖುಷಿ ಬರತೈತಿ ಅಂತ ತಿಳಕೊಂಡಿದ್ದೆ. ಮಾತು ಬರಲಿಲ್ಲ. ಡೇವ್ ಟೊಪಗಿ ತಗದು ನಿಂತಿದ್ದ.

ಮೊದಲ ಚೀಟಿಗೆ ತಾರೀಖು ಹಾಕಬೇಕು, ಆಮ್ಯಾಲೆ ಚಾಕು. ಕರುಳು ತಗದು, ತುಂಡು ಮಾಡಿ, ಬೆನ್ನಿಗೆ ಕಟಗೊಂಡು ಇಳದ್ವಿ. ಹೆಚ್ಚು ಕಷ್ಟ ಅದ. ಜಿಂಕಿಗೆ ಒಂದು ರೋಗ ಬಂದೈತಿ, ಈ ರಾಜ್ಯದ ಕಾಡಿನ್ಯಾಗ 2017ರಾಗ ಮೊದಲ ಸಿಕ್ತು. ಮನಷ್ಯಾರಿಗೆ ತಗಲಿದ್ದು ಗೊತ್ತಿಲ್ಲ, ಆದ್ರೂ ನಾ ಗಂಟಲಿನ ಗಂಟು ತಪಾಸಕ್ಕ ಕಳಿಸಿ, ರೋಗ ಇಲ್ಲಾಂತ ಬಂದ ಮ್ಯಾಲೆ ಅಡಗಿ ಮಾಡಿಸೇನಿ. ಲ್ಯಾಬಿನಾಂವ ಅಲ್ಲ ನಾ? ಶೋಭಾ ಅವ್ವ ಕಳಿಸಿದ ಮಸಾಲಿ ಖಾರ ಹಾಕಿ ಮಾಡಿದ್ಳು, ಜ್ವಾಳದ ರೊಟ್ಟಿ ಜೋಡಿ. ಡೇವ್ ಎರಡನೇ ರೊಟ್ಟಿ ಕೇಳಿ ತಿಂದ, ಕಣ್ಣಾಗ ನೀರು, ಮೂಗಿನಾಗ ನೀರು.

ಅಜ್ಜ ಬಲೆ ಹೊತಗೊಂಡು ಹೊಲದ ಬದುವಿನ್ಯಾಗ ಮೊಲದ ದಾರಿ ಕಾಯ್ತಿದ್ದ ಅಂತ ಅವ್ವ ನಮಗ ಹೇಳಿ ನಗಸ್ತಿದ್ಳು. ಈಗ ಮಮ್ಮಗ ಚೀಟಿ ತಗೊಂಡು ಹೋದ್ರ ಗದಗಿನ ತನಕ ಸುದ್ದಿ!

ಅವ್ವಾ, ನೀ ಕೇಳಿದ್ದಕ್ಕ ಉತ್ತರ. ಬಂದೂಕು ಕಬ್ಬಿಣದ ಪೆಟಗ್ಯಾಗ ಐತಿ, ಗುಂಡು ಬ್ಯಾರೆ ಕಡೆ, ಕೀಲಿ ಶೋಭಾನ ಹತ್ರ. ಮಕ್ಕಳಿಗೆ ಅದು ಎಲ್ಲೈತಿ ಅಂತ ಸುದ್ದಾ ಗೊತ್ತಿಲ್ಲ. ಕರಡಿ ಅದಾವ, ಖರೆ. ಆದ್ರ ಓಣ್ಯಾಗ ಬರಂಗಿಲ್ಲ, ಬಂದ್ರೂ ನಮ್ಮ ಓಣಿಗೆ ಬರಂಗಿಲ್ಲ. ಗುಡ್ಡಕ್ಕ ಹೋಗವರ ಟೊಂಕದಾಗ ಒಂದು ಡಬ್ಬಿ ಇರತೈತಿ, ಒಳಗ ಮೆಣಸಿನಕಾಯಿ ಖಾರದ್ದ ಫವಾರಾ. ಕರಡಿ ಮುಖಕ್ಕ ಹೊಡದ್ರ ಓಡಿ ಹೋಗತೈತಿ. ಬ್ಯಾಡಗಿ ಮೆಣಸಿನಕಾಯಿ ಇದಕ್ಕ ನಡಿಯಂಗಿಲ್ಲ ಬಿಡು, ಅದರದ್ದು ಬಣ್ಣ ಜಾಸ್ತಿ, ಖಾರ ಕಡಿಮಿ. ಕರಡಿ ಕೆಂಪಗ ಆಗಿ ಮ್ಯಾಲೆ ಬರತೈತಿ.

ಥಂಡಿ ಐತಿ. ಅಪ್ಪು ಫೋನಿನಾಗ ನಿನಗ ಮೈನಸ್ 57 ಅಂತ ಹೇಳಿ ಹೆದರಿಸ್ಯಾನ. ಅದು 1954ರಾಗ, ಇಲ್ಲಿಂದ ದೂರ ರೋಜರ್ಸ್ ಪಾಸ್ ಅನ್ನೂ ಘಾಟಿನ್ಯಾಗ. ನಮ್ಮೂರಾಗ ಅಷ್ಟ ಆಗಂಗಿಲ್ಲ, ಆದ್ರೂ ಮನಿ ಒಳಗ ಬೆಚ್ಚಗ ಇರತೈತಿ, ನಾವು ಬನೀನಿನ್ಯಾಗ ಅಡ್ಡಾಡ್ತೇವಿ. ಶೋಭಾಗ ಮೊದಲ ಬ್ಯಾಸರ ಇತ್ತು, ಈಗ ಕಡಿಮಿ ಆಗೈತಿ. ಈ ರಾಜ್ಯ ನಮ್ಮ ಕರ್ನಾಟಕದ ಎರಡು ಪಟ್ಟು ಹತ್ರ ಹತ್ರ ಐತಿ, ಮಂದಿ ಮಾತ್ರ 11 ಲಕ್ಷದ ಆಸುಪಾಸು. ಹುಬ್ಬಳ್ಳಿ-ಧಾರವಾಡದ ಮಂದಿನ್ನ ತಂದು ಇಷ್ಟು ದೊಡ್ಡ ನಾಡಿನ್ಯಾಗ ಹರಡಿದ್ರ ಎಷ್ಟ ಕಾಣ್ತಾರ, ಅಷ್ಟ. ಕನ್ನಡ ಮಾತಾಡವರು ಇನ್ನೂ ಕಡಿಮಿ. ದಿನಾ ಮುಂಜಾನೆ ಶೋಭಾ ನಿನಗ ಫೋನ್ ಹಚ್ಚತಾಳಲ್ಲ, ನೀ ಅವಸರ ಮಾಡಿ ಇಡಬ್ಯಾಡ. ಅಷ್ಟ.

ರೊಕ್ಕದ್ದು. ಗೀತಾನ ಬಂಗಾರ ನಂದು ಅಂದಿದ್ದೆ, ಈಗೂ ನಂದ. ಮಂಟಪದ ಮುಂಗಡಾನೂ ಕೊಡ್ತೇನಿ. ಒಂದ ಸಲಕ್ಕ ಅಲ್ಲ, ಸಂಕ್ರಾಂತಿಗೆ ಒಂದು ಪಾಲು, ಶಿವರಾತ್ರಿ ಹೊತ್ತಿಗೆ ಒಂದು ಪಾಲು. ಸಾಗಿ ಬಂದ ಖರ್ಚು ಐತಿ, ಬ್ಯಾರೆ ಕಾರಣ ಇಲ್ಲ. ಇದಕ್ಕೂ ನೌಕರಿಗೂ ಗಂಟು ಹಾಕಬ್ಯಾಡ್ರಿ. ಬಸಣ್ಣ ಕಾಕಾನ ಕಡೆ ಕೈಗಡ ಕೇಳಬ್ಯಾಡ್ರಿ, ಹೊಲದ ಮಾತು ಅಂತೂ ಎತ್ತಬ್ಯಾಡ್ರಿ. ಆ ಎರಡು ಎಕರೆ ಮಾರೂ ವಿಚಾರ ನೀವು ಪತ್ರದ ಕೊನೀಗೆ ಸಣ್ಣಕ್ಷರದಾಗ ಬರದೀರಿ, ಕತ್ತಲ ಫೋಟೋದಾಗೂ ಶೋಭಾ ಅದನ್ನ ಓದಿದ್ಳು. ಬ್ಯಾಡ ಅಂದ್ರ ಬ್ಯಾಡ.

ಗದಗಿನವರು ಮುಂದಿನ ರವಿವಾರ ಬರ್ತಾರಂತಲ್ಲ, ಆ ಹೊತ್ತಿಗೆ ನಾ ವಿಡಿಯೋ ಕಾಲ್ ಮಾಡ್ತೇನಿ. ಹಿರ್‍ಯಾರ ಜೋಡಿ ನಾನ ಮಾತಾಡ್ತೇನಿ, ಅಂಗಿ ಕೋಟು ಹಾಕ್ಕೊಂಡು ಕುಂದರ್ತೇನಿ, ಹಿಂದ ವಿಠ್ಠಲನ ಫೋಟೋ ಬರೂಹಂಗ ಇಡ್ತೇನಿ. ನಮ್ಮ ಗ್ವಾಡಿಗೆ ಇದ್ದದ್ದ ಐತಿ, ನಾಟಕ ಅಲ್ಲ. ಎಲ್ಲಾ ಸುದ್ದ ಆಗತೈತಿ, ನೀವು ಬಿ.ಪಿ. ಗುಳಗಿ ತಪ್ಪಸಬ್ಯಾಡ್ರಿ.

ಇನ್ನ ಸಾಕು. ನಾಳೆ ಬ್ಯಾಟಿ ಹಂಗಾಮಿನ ಕಡೀ ದಿನಾ, ಮುಂಜಾನೆ ನಾಲ್ಕಕ್ಕ ಡೇವ್ ಗಾಡಿ ತಗೊಂಡು ಬರ್ತಾನ, ಮಲಗಬೇಕು. ಗೀತಾಗ, ಚಿಗವ್ವಗ, ಕಾಕಾಗ ಕೇಳೇನಂತ ಹೇಳ್ರಿ.

ನಿಮ್ಮ ಮಗ
ಮಂಜು

ತಾ.ಕ.: ಕಡೀ ಹಾಳಿ ಓದಿದ ಮ್ಯಾಲೆ ಕಾಕಾನ ಫೋನಿನಿಂದ ಅಳಿಸ್ರಿ. ಮಾವನ ಕೈಗೆ ಸಿಗಬಾರದು.