ಎಂಟು ಹೆಜ್ಜೆಯ ಸುದ್ದಿ ಬರೆದವರಿಗೆ

ಕಾರ ಹುಣ್ಣಿಮೆಯ ಮರುದಿನ ಅಂಗಡಿಯ ಶಟರ್ ನಾನೇ ಎತ್ತಿದೆ. ಎತ್ತಿದೆ ಅನ್ನೋದು ಸುಳ್ಳು, ಪಕ್ಕದ ಪಾನ್ ಅಂಗಡಿಯ ಹುಡುಗ ಎತ್ತಿದ, ನಾನು ಕೈ ಹಚ್ಚಿದೆ. ಎಂಬತ್ತಾರು ದಿನದ ಮೇಲೆ ಝೆರಾಕ್ಸ್ ಮಷೀನಿನ ಬಿಸಿ ವಾಸನೆ ಮೂಗಿಗೆ ಬಡಿದಾಗ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಕಲಬುರಗಿಯ ಜಗತ್ ವೃತ್ತದ ಕಡೆ ಓಡಾಡುವವರಿಗೆ ನನ್ನ ಹೆಸರು ಗೊತ್ತಿರಲಿಕ್ಕಿಲ್ಲ, ಹಲಗೆ ಗೊತ್ತು. ಅಂಗಡಿಯ ಹೊರಗೆ ನೇತುಹಾಕಿದ ನಾಲ್ಕಡಿ ಮೂರಡಿ ಪ್ಲೈವುಡ್, ಮೇಲೆ ಕರಿ ಬಣ್ಣ. 2014ರಲ್ಲಿ ಒಬ್ಬ ಹುಡುಗ ತನ್ನ ಮೊದಲ ಕವನ ಸಂಕಲನದ ಆಮಂತ್ರಣ ನಲವತ್ತು ಪ್ರತಿ ತೆಗೆಸಿ, ‘ಕಾಕಾ, ಒಂದು ನಿಮ್ಮ ಗೋಡಿಗೆ ಹಚ್ಲೇನ್ರಿ?’ ಅಂದ. ಹಾಳೆ ಗಾಳಿಗೆ ಹಾರುತ್ತದೆ, ಸೀಮೆಸುಣ್ಣದಲ್ಲಿ ಬರೀತೀನಿ ಬಿಡು ಅಂದೆ. ಅಲ್ಲಿಂದ ಹತ್ತಿದ ಚಟ. ಯಾರ ಪುಸ್ತಕ, ಯಾರ ಚಿತ್ರ, ಪಂಡಿತ ರಂಗಮಂದಿರದಲ್ಲಿ ಯಾವ ನಾಟಕ, ಎಲ್ಲಿ ರಕ್ತದಾನ. ದುಡ್ಡು ತಗೊಳ್ಳೋದಿಲ್ಲ. ರಾಜಕೀಯ, ಹುಟ್ಟುಹಬ್ಬ ಬರೆಯೋದಿಲ್ಲ. ಒಮ್ಮೆ ‘ಸಂಜೆ 6’ ಅನ್ನುವ ಕಡೆ ‘ಮುಂಜಾನೆ 6’ ಬರೆದು, ಏಳು ಮಂದಿ ನಸುಕಿನಲ್ಲಿ ರಂಗಮಂದಿರದ ಬಾಗಿಲ ಮುಂದೆ ನಿಂತು, ಕಡೆಗೆ ಅಪ್ಪನ ಕೆರೆ ಸುತ್ತು ಹಾಕಿ ಮನೆಗೆ ಹೋದರಂತೆ. ಆ ನಾಟಕದವರು ಇನ್ನೂ ಬಯ್ಯುತ್ತಾರೆ.

ಶರಣಬಸವೇಶ್ವರ ಜಾತ್ರೆಗೆ ಎರಡು ದಿನ ಇರುವಾಗ ಸ್ಟೂಲ್ ಮೇಲೆ ನಿಂತು ಹಲಗೆಯ ತುದಿಯಲ್ಲಿ ಬರೆಯುತ್ತಿದ್ದೆ. ಮಹಿಳಾ ಸಂಘದವರ ರೊಟ್ಟಿಯ ಸುದ್ದಿ. ‘ಎಳ್ಳು ಹಚ್ಚಿದ ಸಜ್ಜಿ ರೊ’ ತನಕ ಬಂದಿತ್ತು, ಸ್ಟೂಲ್ ವಾಲಿತು. ಎಡತೊಡೆಯ ಎಲುಬು ಮುರಿಯಿತು. ಜಾತ್ರೆ ಮುಗಿಯುವ ತನಕ ಆ ‘ರೊ’ ಹಲಗೆಯ ಮೇಲೆ ಹಾಗೇ ನಿಂತಿತ್ತಂತೆ.

ಈಗ ಧನ್ಯವಾದ. ಆದರೆ ಬೀದರಿನ ಒಬ್ಬ ಹಿರಿಯರು ನನಗೆ ಹಾಕಿಕೊಟ್ಟ ಕಟ್ಟಳೆಯೊಂದಿದೆ, ಅದನ್ನು ಮೊದಲು ಹೇಳಬೇಕು. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಹೊತ್ತಿನಲ್ಲಿ ‘ಬಿದರಿ: ನಮ್ಮ ನಾಡಿನ ಅದ್ಭುತ ಕಲೆ’ ಅಂತ ಹಲಗೆ ತುಂಬ ಬರೆದಿದ್ದೆ. ನಾನು ಹೇಳಿದ ಆ ಹಿರಿಯರೂ ಬಿದರಿ ಕೆಲಸಗಾರರೇ, ತಮ್ಮ ಮಗಳ ಮನೆಗೆ ಬಂದವರು ಆಧಾರ್ ಝೆರಾಕ್ಸಿಗೆ ನಿಂತಿದ್ದರು. ಅರ್ಧ ಅಳಿಸಿದ ಹಳೆ ಅಕ್ಷರಗಳನ್ನೂ ಓದಿಬಿಟ್ಟರು. ‘ಭಾಯಿ, ನಾಟಕಾನೂ ಅದ್ಭುತ, ರೊಟ್ಟೀನೂ ಅದ್ಭುತ, ಬಿದರೀನೂ ಅದ್ಭುತ. ನೀವು ನೋಡೀರೇನು?’

ನೋಡಿರಲಿಲ್ಲ. ಅವರು ಕೌಂಟರಿನ ಮೇಲೆ ಬೆರಳಾಡಿಸಿ ಹೇಳುತ್ತಾ ಹೋದರು. ಸತು, ಅದಕ್ಕೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ಯಬೇಕು. ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕರ್ರಗಾಗುತ್ತದೆ, ಚಾಣದ ಗೆರೆ ಕಾಣಲಿ ಅಂತ. ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯಬೇಕು. ಆಮೇಲೆ ಮತ್ತೆ ಉಜ್ಜಿದರೆ ಸತುವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ, ಅಷ್ಟು ದಿನದ ಕೆಲಸ ಕಣ್ಣಿಗೇ ಕಾಣುವುದಿಲ್ಲ. ಕೊನೆಗೆ ಕೋಟೆಯೊಳಗಿನ ಹಳೆ ಮಣ್ಣು, ನವಸಾಗರ. ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ‘ಮಣ್ಣು ನಾಲಿಗಿಗೆ ಹಚ್ಚಿ ನೋಡ್ತೀವಿ ಭಾಯಿ, ರುಚಿಮ್ಯಾಲೆ ಗೊತ್ತಾಗ್ತದ.’

ಮರುದಿನ ‘ಅದ್ಭುತ’ ಅಳಿಸಿ, ‘ಈ ಮಣ್ಣಿಗೆ ಸತು ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ’ ಅಂತಷ್ಟೇ ಬರೆದೆ. ಜನ ಒಳಗೆ ಬಂದು ಬೀದರಿನಲ್ಲಿ ಎಲ್ಲಿ ನೋಡಬೇಕು ಅಂತ ಕೇಳಿದರು. ಅಂದಿನಿಂದ ಆ ಶಬ್ದಕ್ಕೆ ನನ್ನ ಹಲಗೆಯಲ್ಲಿ ಜಾಗವಿಲ್ಲ. ಇವತ್ತಿನ ಧನ್ಯವಾದವೂ ಅದೇ ಲೆಕ್ಕದಲ್ಲಿ.

ಆಪರೇಷನ್ನಿಗೆ ಎರಡು ಬಾಟಲಿ ರಕ್ತ ಬೇಕಿತ್ತು. ಪಾನ್ ಅಂಗಡಿಯ ಹುಡುಗ ಎಲ್ಲರಿಗಿಂತ ಮುಂಚೆ ಓಡಿ ಬಂದ, ಅವನನ್ನು ತಿರುಗಿ ಕಳಿಸಿದರು. ಹಿಂದಿನ ಸಲ ಕೊಟ್ಟು 82 ದಿನವಷ್ಟೇ ಆಗಿತ್ತು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಅಂತ ಪ್ರತಿ ಶಿಬಿರಕ್ಕೂ ಬರೆದವನು ನಾನೇ! ಅವನು ಅರ್ಧ ತಾಸಿನಲ್ಲಿ ರೂಮಿನ ಇಬ್ಬರನ್ನು ಎಬ್ಬಿಸಿಕೊಂಡು ಬಂದ. ಆ ಇಬ್ಬರ ಮುಖ ನಾನಿನ್ನೂ ನೋಡಿಲ್ಲ. ಅಂಗಡಿಗೆ ಬರ್ರಪ್ಪಾ.

ಸಂಘದ ಅಕ್ಕಂದಿರು ಸೋಮವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದರು. ಮೊದಲ ಕಟ್ಟಿನ ಮೇಲಿನ ಚೀಟಿಯಲ್ಲಿ ಬರೆದದ್ದು ಒಂದೇ ಅಕ್ಷರ: ‘ಟ್ಟಿ.’ ನಕ್ಕು ನಕ್ಕು ಹೊಲಿಗೆ ನೊಂದಿತು. ಸುರಪುರದ ಶೈಲಿಯ ಚಿತ್ರ ಕಲಿಯುತ್ತಿರುವ ಹುಡುಗ ನನ್ನ ವಾಕರಿನ ಕಾಲಿಗೆ ಕೂದಲೆಳೆಯಂಥ ಕುಂಚದಲ್ಲಿ ಬಳ್ಳಿ ಬರೆದು, ಹಿಡಿಕೆಯ ಹತ್ತಿರ ಒಂದು ಗಿಳಿ ಕೂರಿಸಿದ. ಗಿಳಿಯ ಕಣ್ಣಿಗೇ ಒಂದು ತಾಸು ಹಿಡಿಯಿತು, ನಾನು ಪಕ್ಕದಲ್ಲೇ ಮಲಗಿದ್ದೆ. ಕವಿಗಳು ಬಿಲ್ಲಿಗೆ ಏನು ಮಾಡಿದರೆಂದು ಬರೆಯಬಾರದಂತೆ, ಬರೆಯುವುದಿಲ್ಲ. ಹತ್ತು ವರ್ಷ ಹಲಗೆಯಲ್ಲಿ ಹೆಸರು ಬರೆಸಿಕೊಂಡು ಒಂದು ಫೋನೂ ಮಾಡದವರು ಒಬ್ಬರಿದ್ದಾರೆ. ಸಿಟ್ಟಿದೆ. ಮುಂದಿನ ಪುಸ್ತಕ ಚೆನ್ನಾಗಿದ್ದರೆ ಬರೆಯುತ್ತೇನೆ, ಏನು ಮಾಡೋದು.

ಇನ್ನು ಹಲಗೆ. ಹಾಸ್ಟೆಲಿನಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಒಬ್ಬ ಹುಡುಗಿ, ನೋಟ್ಸ್ ಝೆರಾಕ್ಸಿಗೆ ಬರುತ್ತಿದ್ದವಳು, ಯಾರೂ ಹೇಳದೆ ಸೀಮೆಸುಣ್ಣ ಹಿಡಿದಳು. ಬೇಸಿಗೆಯ ಬಿಸಿಲು ಏರುವ ಮೊದಲೇ ಬರೆದು ಹೋಗುತ್ತಿದ್ದಳು. ಅವಳ ‘ಳ’ ನನ್ನದಕ್ಕಿಂತ ದುಂಡಗಿದೆ, ಗಿರಾಕಿಗಳೂ ಹಾಗೇ ಅಂದರು, ಹೊಟ್ಟೆ ಉರಿಯಿತು. ಬರೆಯುವ ಮುಂಚೆ ಪುಸ್ತಕದ ಇಪ್ಪತ್ತು ಪುಟವಾದರೂ ಓದುತ್ತಿದ್ದಳಂತೆ. ಮೇ ತಿಂಗಳಲ್ಲಿ ಒಂದು ದಿನ ಮಗ ಫೋನಿನಲ್ಲಿ ಹಲಗೆಯ ಫೋಟೋ ತೋರಿಸಿದ. ಮೇಲೆ ಒಂದು ಕಥಾಸಂಕಲನ, ಅದರ ಕೆಳಗೆ: ‘ಝೆರಾಕ್ಸ್ ಕಾಕಾ ನಿನ್ನೆ ವಾಕರ್ ಹಿಡಿದು ಎಂಟು ಹೆಜ್ಜೆ ಹಾಕಿದರು. ಒಂಬತ್ತನೆಯದಕ್ಕೆ ಬೈದರು.’

ತಾಯಿ, ಎಂಟೂ ಸರಿ, ಬೈದದ್ದೂ ಸರಿ. ಮಂಗಳವಾರ, ಶುಕ್ರವಾರ ಹಲಗೆ ಇನ್ನು ನಿನ್ನದೇ.

ಹಾಂ, ಮರೆತಿದ್ದೆ. ಗಿಳಿ ಬರೆದ ಹುಡುಗ ಈ ಭಾನುವಾರ ನಮ್ಮ ಅಂಗಡಿಯ ಕಟ್ಟೆಯ ಮೇಲೆಯೇ ತನ್ನ ಹನ್ನೆರಡು ಚಿತ್ರ ಇಡುತ್ತಾನೆ. ಭೂತಗನ್ನಡಿ ನಾನು ಕೊಡುತ್ತೇನೆ, ನವಿಲಿನ ಗರಿಯನ್ನು ಅದರಲ್ಲೇ ನೋಡಬೇಕು. ಸಂಜಿ 6ಕ್ಕ ಬರ್ರಿ. ಮುಂಜಾನಿ ಅಲ್ರಿ, ಸಂಜಿ.