ಬೀದರಿನ ಬಾವಿಗಳನ್ನು ಅಳೆಯುವ ಮಕ್ಕಳಿಗೆ ನೆರವಾಗಿ

ಎಲ್ಲರಿಗೂ ಶರಣು ಶರಣಾರ್ಥಿಗಳು.

ನೆಲದಡಿಯ ನೀರಿನ ಚಿತ್ರ ಬಿಡಿಸಿ ಎಂದರೆ ಬಹಳಷ್ಟು ಮಕ್ಕಳು ಒಂದು ಹೊಳೆಯನ್ನೋ ಕೆರೆಯನ್ನೋ ಬಿಡಿಸುತ್ತಾರೆ. ಕೆಲವರು ಮೀನನ್ನೂ ಬಿಟ್ಟಿರುತ್ತಾರೆ. ನಗಬೇಕಾಗಿಲ್ಲ, ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಜಾಗ ತೋರಿಸುವವರನ್ನು ಕರೆಸುವ ದೊಡ್ಡವರು ನಂಬಿರುವುದೂ ಆ ಹೊಳೆಯನ್ನೇ. ಹೊರದೇಶಗಳ ವಿಜ್ಞಾನ ಶಿಕ್ಷಣ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಲ್ಲೂ ಇದೇ ಕಲ್ಪನೆಯನ್ನು ಕಂಡಿದ್ದಾರೆ. ಪಾಠ ಒಪ್ಪಿಸಿ ಅಂಕ ಪಡೆದ ಮೇಲೂ ಅದು ತಲೆಯಿಂದ ಸುಲಭಕ್ಕೆ ಇಳಿಯುವುದಿಲ್ಲ.

ನಿಜದಲ್ಲಿ ನೆಲದಡಿಯ ನೀರು ಸಾಮಾನ್ಯವಾಗಿ ಹೊಳೆಯಂತೆ ಹರಿಯದೆ, ಕಲ್ಲುಮಣ್ಣಿನ ತೂತು ಬಿರುಕುಗಳಲ್ಲಿ ತುಂಬಿಕೊಂಡು ಮೆಲ್ಲಗೆ ಸರಿಯುತ್ತದೆ. ಇದನ್ನು ಕಣ್ಣಾರೆ ತೋರಿಸಲು ಬೀದರಿನಂಥ ಊರು ಅಪರೂಪ. ಮೇಲೆ ತೂತುತೂತಾದ ಕೆಂಪು ಕಲ್ಲು ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿಕಲ್ಲು. ಮಳೆನೀರು ಜಂಬಿಟ್ಟಿಗೆಯೊಳಗೆ ಇಳಿದು, ಕೆಳಗಿನ ಜೇಡಿ ಮತ್ತು ಕರಿಕಲ್ಲು ತಡೆದ ಕಡೆ ಅಡ್ಡಲಾಗಿ ಸರಿದು, ಗುಡ್ಡದ ಅಂಚಿನಲ್ಲಿ ಝರಿಯಾಗಿ ಒಸರುತ್ತದೆ. ನರಸಿಂಹ ಝರಣಿ ಗುಹಾದೇಗುಲದ ನೀರಿನಲ್ಲಿ ನಡೆದು ದರ್ಶನ ಪಡೆದವರು ಅದನ್ನು ಮೈಯಿಂದಲೇ ಬಲ್ಲರು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲದವರು ಈ ಗುಟ್ಟನ್ನು ಅರಿತೇ ನೌಬಾದಿನಲ್ಲಿ ಇರಾನಿನ ಪದ್ಧತಿಯ ಸುರಂಗ ಬಾವಿ ಕೊರೆಸಿದರು. ಅದರ ಮೇಲಿನ ಸಾಲು ಗಾಳಿಬಾವಿಗಳ ಪಕ್ಕದಲ್ಲೇ ಓಡಾಡುವ ನಮಗೆ ಅದು ಗುಟ್ಟಾಗಿಯೇ ಉಳಿದಿದೆ.

ನಮ್ಮ ಟ್ರಸ್ಟ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳೊಡನೆ ಸೇರಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದು ಅಧ್ಯಯನ ಹಮ್ಮಿಕೊಂಡಿದೆ. ಕೆಲವು ತರಗತಿಗಳಿಗೆ ಪಾಠ ಮಾತ್ರ. ಉಳಿದವು ಮೊದಲು ಗಾಜಿನ ತೊಟ್ಟಿಯಲ್ಲಿ ಜೇಡಿ ಬಳಿದು, ಮೇಲೆ ಜಂಬಿಟ್ಟಿಗೆಯ ಚೂರು ತುಂಬಿ, ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರನ್ನು ಸುರಿಯುತ್ತವೆ. ನೀರು ಎಲ್ಲಿ ಹೊರಬರುತ್ತದೆಂದು ಮಕ್ಕಳು ಮೊದಲೇ ಬರೆದಿಡಬೇಕು. ಆಮೇಲೆ ಊರ ಬಾವಿಗೆ ಹೋಗಿ, ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ, ಇಳಿಬಿಟ್ಟು, ಸುಣ್ಣ ಒದ್ದೆಯಾದ ಗೆರೆ ನೋಡಿ ನೀರಿನ ಮಟ್ಟ ಗುರುತಿಸುತ್ತಾರೆ. ತಿಂಗಳುಗಳ ನಂತರ ಎಲ್ಲರೂ ಅದೇ ಚಿತ್ರವನ್ನು ಮತ್ತೆ ಬಿಡಿಸುತ್ತಾರೆ. ಹೊಳೆ ಅಳಿದಿದೆಯೋ ಇಲ್ಲವೋ ಆಗ ತಿಳಿಯುತ್ತದೆ. ಫಲ ನಮಗೆ ಹಿತವಾಗದಿದ್ದರೂ ಹಾಗೆಯೇ ಪ್ರಕಟಿಸುತ್ತೇವೆ.

ಮಕ್ಕಳ ಅಳತೆಗಳನ್ನು ಬಾವಿಕಟ್ಟೆಯ ಮೇಲೆಯೇ ಬಣ್ಣದಲ್ಲಿ ಬರೆಸುವ ಯೋಜನೆಯಿದೆ. ನೀರಿನ ನೈಟ್ರೇಟ್ ಮತ್ತು ಫ್ಲೋರೈಡ್ ಪ್ರಮಾಣವನ್ನೂ ಪರೀಕ್ಷಿಸಿ ಗ್ರಾಮ ಪಂಚಾಯಿತಿಗೆ ತಿಳಿಸುತ್ತೇವೆ. ಭಾರತೀಯ ಮಾನಕದಂತೆ ಲೀಟರ್ ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದಿದ್ದರೂ ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು. ಮಳೆಯನ್ನು ಇಳಿಸಿಕೊಳ್ಳುವ ಜಂಬಿಟ್ಟಿಗೆ ಶೌಚಗುಂಡಿಯ ನೀರನ್ನೂ ಇಳಿಸಿಕೊಳ್ಳುತ್ತದೆ ಎಂಬುದು ಬಡಾವಣೆ ಕಟ್ಟುವವರ ಕಿವಿಗೂ ಬೀಳಲಿ.

ಈಗ ಬೇಕಿರುವುದು ಪರೀಕ್ಷಾ ಕಿಟ್‌ಗಳು, ಉಕ್ಕಿನ ಟೇಪುಗಳು, ಗಾಜಿನ ತೊಟ್ಟಿಗಳು ಮತ್ತು ಮಕ್ಕಳನ್ನು ನೌಬಾದಿಗೆ ಕರೆತರುವ ಬಸ್ಸಿನ ಬಾಡಿಗೆ. ದೊಡ್ಡ ಖರ್ಚು ಬಾಡಿಗೆಯದೇ. ಮೂಲೆಯಲ್ಲಿ ಬಿದ್ದಿರುವ ಹಳೆಯ ಅಕ್ವೇರಿಯಂ ಕೊಟ್ಟರೂ ಸಂತೋಷ, ಸೋರದಿದ್ದರೆ ಸಾಕು. ಹೊಲದಲ್ಲಿ ತೆರೆದ ಬಾವಿ ಇರುವವರು ತಿಂಗಳಿಗೊಮ್ಮೆ ಅಳೆಯಲು ಅನುಮತಿ ಕೊಟ್ಟರೆ ಅದೂ ದೇಣಿಗೆಯೇ. ಕಟ್ಟೆ ಇಲ್ಲದ ಬಾವಿಯ ಬಳಿಗೆ ಮಾತ್ರ ಮಕ್ಕಳನ್ನು ಬಿಡುವುದಿಲ್ಲ.

ಎಷ್ಟೇ ಸಣ್ಣ ಮೊತ್ತವಾದರೂ ರಸೀದಿ ಕೇಳಿ ಪಡೆಯಿರಿ. ನಮಗೆ 80ಜಿ ಮಾನ್ಯತೆ ಇನ್ನೂ ದೊರೆತಿಲ್ಲ, ತೆರಿಗೆ ವಿನಾಯಿತಿ ನೆಚ್ಚಿ ಕೊಡುವುದು ಬೇಡ. ಜಮಾಖರ್ಚನ್ನು ಪ್ರತಿ ತಿಂಗಳು ಕಚೇರಿಯ ಫಲಕದಲ್ಲಿ ಅಂಟಿಸಲಾಗುವುದು. ಮುಂಗಾರಿಗೆ ಮುನ್ನ ಮೊದಲ ಅಳತೆ ಮುಗಿಯಬೇಕಿರುವುದರಿಂದ ಕೊಡುವವರು ಯುಗಾದಿಯೊಳಗೆ ಕೊಟ್ಟರೆ ಅನುಕೂಲ.

ಇಂತಿ,
ಟ್ರಸ್ಟ್‌ನ ಅಧ್ಯಕ್ಷರು ಮತ್ತು ಸದಸ್ಯರು, ಬೀದರ್